ಚಿಕ್ಕಮಗಳೂರು ಜಿಲ್ಲೆಯಲ್ಲಿ ಮನಶ್ಶಾಸ್ತ್ರಜ್ಞರ ಸೇವೆ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಮನಶ್ಶಾಸ್ತ್ರಜ್ಞರ ಸೇವೆಯು ಕರ್ನಾಟಕದ ಈ ಮಲೆನಾಡು ಜಿಲ್ಲೆಯ ನಿವಾಸಿಗಳಿಗೆ ಸರ್ಕಾರಿ ಆಸ್ಪತ್ರೆಗಳು, ಖಾಸಗಿ ಚಿಕಿತ್ಸಾಲಯಗಳು, ದೂರವಾಣಿ ಸಹಾಯವಾಣಿಗಳು ಹಾಗೂ ನೆರೆಯ ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳ ಮೂಲಕ ದೊರೆಯುವ ಮಾನಸಿಕ ಆರೋಗ್ಯ ಸೇವೆಯ ಒಂದು ಭಾಗವಾಗಿದೆ. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ತಾಲ್ಲೂಕುಗಳ ಕಾಫಿ ಬೆಳೆಯುವ ಪ್ರದೇಶದಲ್ಲಿ ಊರುಗಳು ಚದುರಿರುವುದರಿಂದ ಹಾಗೂ ತಜ್ಞರು ಜಿಲ್ಲಾ ಕೇಂದ್ರದಲ್ಲಿ ಕೇಂದ್ರೀಕೃತವಾಗಿರುವುದರಿಂದ, ಅರ್ಹ ತಜ್ಞರನ್ನು ಗುರುತಿಸುವುದು ಮತ್ತು ಅವರನ್ನು ತಲುಪುವುದು ಇಲ್ಲಿನ ಮುಖ್ಯ ಪ್ರಶ್ನೆಗಳಾಗಿವೆ.

ಭಾರತದಲ್ಲಿ ಮನಶ್ಶಾಸ್ತ್ರಜ್ಞರೆಲ್ಲರಿಗೂ ಅನ್ವಯಿಸುವ ಒಂದೇ ಪರವಾನಗಿ ಇಲ್ಲ. ಚಿಕಿತ್ಸೆ ನೀಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಪಡೆದಿರಬೇಕು. ಸಾರ್ವಜನಿಕರು ಪರಿಶೀಲಿಸಬಹುದಾದ ಮುಖ್ಯ ಆಧಾರ ಈ ನೋಂದಣಿಯೇ ಆಗಿದೆ.

## ಪರಿಭಾಷೆ

ಆಡುಮಾತಿನಲ್ಲಿ ಮಾನಸಿಕ ಆರೋಗ್ಯ ಕ್ಷೇತ್ರದ ಎಲ್ಲರನ್ನೂ "ಮಾನಸಿಕ ಡಾಕ್ಟರು" ಎಂದು ಕರೆಯುವುದುಂಟು. ಆದರೆ ಅವರ ಶಿಕ್ಷಣ, ಅಧಿಕಾರ ಮತ್ತು ಕೆಲಸ ಬೇರೆ ಬೇರೆ.

* ಮನೋವೈದ್ಯರು: ಎಂ.ಬಿ.ಬಿ.ಎಸ್. ಬಳಿಕ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದ ವೈದ್ಯರು. ರೋಗನಿರ್ಣಯ ಮಾಡಿ ಔಷಧಿ ಬರೆದುಕೊಡುತ್ತಾರೆ. ಇವರ ಹೆಸರು ರಾಜ್ಯ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿರುತ್ತದೆ.
* ಕ್ಲಿನಿಕಲ್ ಸೈಕಾಲಜಿಸ್ಟ್: ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಹಾಗೂ ಆಸ್ಪತ್ರೆಯಲ್ಲಿ ಮೇಲ್ವಿಚಾರಣೆಯಡಿ ಚಿಕಿತ್ಸಾ ತರಬೇತಿ ಪಡೆದವರು. ಮನೋಚಿಕಿತ್ಸೆ ಮತ್ತು ಮಾನಸಿಕ ಪರೀಕ್ಷೆಗಳನ್ನು ನಡೆಸುತ್ತಾರೆ. ಔಷಧಿ ಬರೆದುಕೊಡುವ ಅಧಿಕಾರ ಇವರಿಗಿಲ್ಲ.
* ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು: ಕುಟುಂಬದೊಡನೆ ಸಮಾಲೋಚನೆ, ಪುನರ್ವಸತಿ, ಸರ್ಕಾರಿ ಸೌಲಭ್ಯಗಳ ಸಂಪರ್ಕ ಮೊದಲಾದ ಕೆಲಸಗಳನ್ನು ನಿರ್ವಹಿಸುವವರು.
* ಆಪ್ತಸಮಾಲೋಚಕರು: ಶಾಲೆ, ಆಸ್ಪತ್ರೆ, ಸಾಂತ್ವನ ಕೇಂದ್ರ ಮೊದಲಾದೆಡೆ ಸಮಾಲೋಚನೆ ನೀಡುವವರು. ಇವರ ತರಬೇತಿಯ ಅವಧಿ ಮತ್ತು ಸ್ವರೂಪ ಒಂದೇ ರೀತಿ ಇರುವುದಿಲ್ಲ. ಕೆಲವರು ಸ್ನಾತಕೋತ್ತರ ಪದವೀಧರರಾಗಿದ್ದರೆ ಕೆಲವರು ಅಲ್ಪಾವಧಿಯ ಶಿಬಿರದಲ್ಲಿ ತರಬೇತಿ ಪಡೆದಿರುತ್ತಾರೆ.

ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಪದವಿ ಪಡೆದ ಮಾತ್ರಕ್ಕೆ ಒಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಹೆಸರಿನ ಹಿಂದಿರುವ "ಡಾ." ಎಂಬುದು ವೈದ್ಯಕೀಯ ಪದವಿಯನ್ನೂ ಸೂಚಿಸಬಹುದು, ಪಿಎಚ್.ಡಿ. ಪದವಿಯನ್ನೂ ಸೂಚಿಸಬಹುದು.

## ಇತಿಹಾಸ

ಕನ್ನಡನಾಡಿನಲ್ಲಿ ಮನಶ್ಶಾಸ್ತ್ರದ ಅಧ್ಯಯನಕ್ಕೆ ಒಂದು ಶತಮಾನದ ಹಿನ್ನೆಲೆಯಿದೆ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮಹಾರಾಜ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ನಿರ್ದೇಶಕರು ಎಂ. ವಿ. ಗೋವಿಂದಸ್ವಾಮಿ. ವೈದ್ಯಕೀಯ ಮನಶ್ಶಾಸ್ತ್ರದ ತರಬೇತಿಯೂ ಅಲ್ಲಿ ಆರಂಭವಾಯಿತು. ಆಸ್ಪತ್ರೆ ಮತ್ತು ಸಂಸ್ಥೆ 1974ರಲ್ಲಿ ಒಂದಾಗಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ರೂಪುಗೊಂಡಿತು.

ಚಿಕಿತ್ಸೆಯನ್ನು ನಗರದಿಂದ ಹಳ್ಳಿಗೆ ಒಯ್ಯುವ ಪ್ರಯತ್ನವೂ ಕರ್ನಾಟಕದಲ್ಲಿಯೇ ನಡೆಯಿತು. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಜಾರಿಗೆ ಬಂದ ಬಳಿಕ, ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗವನ್ನು ಕೈಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ತರಬೇತಿ ನೀಡಿ, ಜಿಲ್ಲಾ ಮಟ್ಟದಲ್ಲಿ ತಜ್ಞರ ತಂಡವನ್ನು ಬೆಂಬಲಕ್ಕೆ ಇರಿಸುವುದು ಅದರ ಕ್ರಮವಾಗಿತ್ತು. "ಬಳ್ಳಾರಿ ಮಾದರಿ" ಎಂದು ಹೆಸರಾದ ಈ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಈ ಕಾರ್ಯಕ್ರಮ ಈಗ ಚಿಕ್ಕಮಗಳೂರು ಸೇರಿದಂತೆ ರಾಜ್ಯದ ಜಿಲ್ಲೆಗಳಲ್ಲಿ ನಡೆಯುತ್ತಿದೆ.

## ಕಾನೂನು ಮತ್ತು ನೋಂದಣಿ

### ಭಾರತೀಯ ಪುನರ್ವಸತಿ ಪರಿಷತ್ತು

1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ಪುನರ್ವಸತಿ ವೃತ್ತಿಪರರ ಪಟ್ಟಿಗೆ ಸೇರಿಸಿದೆ. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವ್ಯಾಸಂಗ ಮುಗಿಸಿದವರ ಹೆಸರು ಕೇಂದ್ರೀಯ ಪುನರ್ವಸತಿ ನೋಂದಣಿಯಲ್ಲಿ ದಾಖಲಾಗುತ್ತದೆ. ಅವರಿಗೆ ದೊರೆಯುವ ಸಂಖ್ಯೆಯನ್ನು ರೂಢಿಯಲ್ಲಿ "ಆರ್‌ಸಿಐ ಸಂಖ್ಯೆ" ಅಥವಾ "ಸಿಆರ್‌ಆರ್ ಸಂಖ್ಯೆ" ಎನ್ನಲಾಗುತ್ತದೆ. ಈ ನೋಂದಣಿಯನ್ನು ನಿಗದಿತ ಅವಧಿಗೊಮ್ಮೆ ನವೀಕರಿಸಬೇಕು.

ಕಾಯ್ದೆಯ ಕಲಂ 13ರ ಪ್ರಕಾರ, ನೋಂದಣಿ ಇಲ್ಲದವರು ಪುನರ್ವಸತಿ ವೃತ್ತಿಪರರಾಗಿ ವೃತ್ತಿ ನಡೆಸುವಂತಿಲ್ಲ; ಅಂಥ ವೃತ್ತಿಪರರು ನೀಡಬೇಕಾದ ಪ್ರಮಾಣಪತ್ರಗಳಿಗೆ ಸಹಿ ಹಾಕುವಂತಿಲ್ಲ; ನ್ಯಾಯಾಲಯದಲ್ಲಿ ತಜ್ಞರಾಗಿ ಸಾಕ್ಷ್ಯ ನುಡಿಯುವಂತಿಲ್ಲ. ಉಲ್ಲಂಘನೆಗೆ ಒಂದು ವರ್ಷದವರೆಗಿನ ಸೆರೆವಾಸ, 1,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಪದವಿಯು ಬಹುಕಾಲದಿಂದ ಈ ವೃತ್ತಿಯ ಮುಖ್ಯ ಅರ್ಹತೆಯಾಗಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಂ.ಫಿಲ್. ಪದವಿಯನ್ನು ಕೈಬಿಡಲು ಸೂಚಿಸಿದ್ದರಿಂದ ಈ ಕ್ಷೇತ್ರದ ಪಠ್ಯಕ್ರಮಗಳ ಪುನರ್ರಚನೆ ನಡೆದಿದೆ. ಹಾಗಾಗಿ ಪದವಿಯ ಹೆಸರಿಗಿಂತ ನೋಂದಣಿ ಇದೆಯೇ ಎಂಬುದನ್ನು ನೋಡುವುದು ಹೆಚ್ಚು ಖಚಿತವಾದ ಕ್ರಮವಾಗಿದೆ.

### ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ

2017ರಲ್ಲಿ ಅಂಗೀಕಾರವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯು ಕ್ಲಿನಿಕಲ್ ಸೈಕಾಲಜಿಸ್ಟ್ ಯಾರೆಂಬುದನ್ನು ಪುನರ್ವಸತಿ ಪರಿಷತ್ತಿನ ಮಾನ್ಯತೆಯ ಆಧಾರದಲ್ಲಿಯೇ ನಿರೂಪಿಸುತ್ತದೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರವು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಮಾನಸಿಕ ಆರೋಗ್ಯ ಶುಶ್ರೂಷಕರು ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ನೋಂದಾಯಿಸಿ, ಅವರ ಪಟ್ಟಿಯನ್ನು ಪ್ರಕಟಿಸಬೇಕೆಂದು ಕಲಂ 55 ಹೇಳುತ್ತದೆ. ತಮ್ಮ ವೃತ್ತಿಕ್ಷೇತ್ರಕ್ಕೆ ಅಧಿಕಾರವಿಲ್ಲದ ಔಷಧಿಯನ್ನಾಗಲಿ ಚಿಕಿತ್ಸೆಯನ್ನಾಗಲಿ ಯಾವ ಮಾನಸಿಕ ಆರೋಗ್ಯ ವೃತ್ತಿಪರರೂ ಸೂಚಿಸಬಾರದು ಎಂಬುದು ಕಲಂ 106ರ ನಿಯಮ.

### ಇತರ ಮನಶ್ಶಾಸ್ತ್ರಜ್ಞರು

ಪುನರ್ವಸತಿ ಪರಿಷತ್ತಿನ ವ್ಯಾಪ್ತಿಗೆ ಬಾರದ ಮನಶ್ಶಾಸ್ತ್ರಜ್ಞರನ್ನು 2021ರ ರಾಷ್ಟ್ರೀಯ ಸಹ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ರಾಜ್ಯ ಪರಿಷತ್ತುಗಳ ಮೂಲಕ ಅವರ ನೋಂದಣಿ ನಡೆಸುವುದು ಈ ಕಾಯ್ದೆಯ ಉದ್ದೇಶ.

## ಪ್ರದೇಶದ ಹಿನ್ನೆಲೆ

2011ರ ಜನಗಣತಿಯ ಪ್ರಕಾರ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,37,961. ವಿಶ್ವ ಆರೋಗ್ಯ ಸಂಸ್ಥೆಯ 2017ರ ಅಂಕಿಅಂಶದಂತೆ ಭಾರತದಲ್ಲಿ ಪ್ರತಿ ಒಂದು ಲಕ್ಷ ಜನರಿಗೆ 0.29 ಮನೋವೈದ್ಯರು ಮತ್ತು 0.07 ಮನಶ್ಶಾಸ್ತ್ರಜ್ಞರಿದ್ದರು. ಈ ಸರಾಸರಿಯನ್ನು ಜಿಲ್ಲೆಯ ಜನಸಂಖ್ಯೆಗೆ ಅನ್ವಯಿಸಿದರೆ ಇಡೀ ಜಿಲ್ಲೆಗೆ ಸುಮಾರು ಮೂವರು ಮನೋವೈದ್ಯರು ಮತ್ತು ಒಬ್ಬರಿಗಿಂತ ಕಡಿಮೆ ಮನಶ್ಶಾಸ್ತ್ರಜ್ಞರು ಪಾಲಿಗೆ ಬರುತ್ತಾರೆ. ಇದು ಲೆಕ್ಕಾಚಾರದ ಅಂದಾಜೇ ಹೊರತು ಜಿಲ್ಲೆಯಲ್ಲಿ ನಡೆಸಿದ ಎಣಿಕೆಯಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿರುವುದನ್ನು ಗುರುತಿಸಿತು. ಕಾಯಿಲೆಯಿದ್ದೂ ಚಿಕಿತ್ಸೆ ಪಡೆಯದವರ ಪ್ರಮಾಣ ಬಹುತೇಕ ಕಾಯಿಲೆಗಳಲ್ಲಿ ಶೇ. 70ಕ್ಕಿಂತ ಹೆಚ್ಚಿತ್ತು.

ಕಾಫಿ ಸೀಮೆಯಲ್ಲಿ ತೋಟಗಳು, ಒಂಟಿ ಮನೆಗಳು ಮತ್ತು ಕಾರ್ಮಿಕರ ಲೈನ್ ಮನೆಗಳು ಪರಸ್ಪರ ದೂರದಲ್ಲಿವೆ. ಮೂಡಿಗೆರೆಯಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 30 ಕಿ.ಮೀ. ಅಂತರವಿದ್ದರೆ, ಮೊದಲು ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಳಸದಿಂದ ಸುಮಾರು 90 ಕಿ.ಮೀ. ಘಟ್ಟದ ದಾರಿಯನ್ನು ಕ್ರಮಿಸಬೇಕಾಗುತ್ತದೆ. ಮಳೆಗಾಲದಲ್ಲಿ ಮರ ಉರುಳಿ, ಗುಡ್ಡ ಜರಿದು ರಸ್ತೆಗಳು ಮುಚ್ಚುವುದು ಸಾಮಾನ್ಯ. 2019ರ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಭೂಕುಸಿತಗಳಾಗಿ ಮಲೆಮನೆ, ಮಧುಗುಂಡಿ ಮೊದಲಾದ ಊರುಗಳವರು ಮನೆಗಳನ್ನು ಕಳೆದುಕೊಂಡರು. ಮಂಗಳೂರಿನ ಕಡೆಗೆ ಹೋಗುವ ಚಾರ್ಮಾಡಿ ಘಾಟಿಯಲ್ಲಿಯೂ ಸಂಚಾರ ನಿಂತುಹೋಗಿತ್ತು.

ದಿನಗೂಲಿಯ ಮೇಲೆ ಬದುಕುವವರಿಗೆ ಒಂದು ಭೇಟಿ ಎಂದರೆ ಒಂದು ದಿನದ ಸಂಬಳ ಮತ್ತು ಬಸ್ಸಿನ ಖರ್ಚು. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಕಾರ್ಮಿಕರಿಗೂ ಬೆಳೆಗಾರರಿಗೂ ಬಿಡುವಿರುವುದಿಲ್ಲ. ಮನೋಚಿಕಿತ್ಸೆಗೆ ಹಲವು ಭೇಟಿಗಳು ಬೇಕಾಗುವುದರಿಂದ ಈ ಪ್ರದೇಶದಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸುವ ಸಂಭವ ಹೆಚ್ಚು.

## ಜಿಲ್ಲೆಯೊಳಗಿನ ಸೇವೆಗಳು

### ಜಿಲ್ಲಾ ಆಸ್ಪತ್ರೆ

ಚಿಕ್ಕಮಗಳೂರು ನಗರದ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯು ಜಿಲ್ಲೆಯ ಪ್ರಮುಖ ಸರ್ಕಾರಿ ಆಸ್ಪತ್ರೆಯಾಗಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮತ್ತು ಶುಶ್ರೂಷಕರ ಹುದ್ದೆಗಳಿರುತ್ತವೆ. ಈ ಹುದ್ದೆಗಳಲ್ಲಿ ಹಲವು ಗುತ್ತಿಗೆ ಆಧಾರದವಾಗಿದ್ದು ಕೆಲವೊಮ್ಮೆ ಖಾಲಿ ಇರುವುದುಂಟು. ಆದ್ದರಿಂದ ದೂರದ ಊರಿನವರು ಹೊರಡುವ ಮೊದಲು ಕ್ಲಿನಿಕಲ್ ಸೈಕಾಲಜಿಸ್ಟ್ ಯಾವ ದಿನ ಲಭ್ಯರಿರುತ್ತಾರೆ ಎಂಬುದನ್ನು ಕೇಳಿ ತಿಳಿದುಕೊಳ್ಳುವುದು ಅನುಕೂಲ.

### ತಾಲ್ಲೂಕು ಆಸ್ಪತ್ರೆಗಳು

ಕರ್ನಾಟಕ ಸರ್ಕಾರವು 2014ರಲ್ಲಿ ಆರಂಭಿಸಿದ "ಮನೋಚೈತನ್ಯ" ಕಾರ್ಯಕ್ರಮದಡಿ ತಜ್ಞರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಭೇಟಿ ನೀಡುವ ವ್ಯವಸ್ಥೆಯಿದೆ. ಮೂಡಿಗೆರೆಯ ನಿವಾಸಿಗಳಿಗೆ ಇದು ಜಿಲ್ಲಾ ಕೇಂದ್ರಕ್ಕೆ ಹೋಗುವ ಪ್ರಯಾಣವನ್ನು ತಪ್ಪಿಸಬಲ್ಲದು. ತಿಂಗಳ ಯಾವ ಮಂಗಳವಾರ ಯಾವ ತಾಲ್ಲೂಕಿಗೆ ತಂಡ ಬರುತ್ತದೆ ಎಂಬುದು ಆಯಾ ಆಸ್ಪತ್ರೆಯಲ್ಲಿ ತಿಳಿಯುತ್ತದೆ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ "ಸ್ನೇಹ ಕ್ಲಿನಿಕ್"ಗಳಲ್ಲಿ ಆಪ್ತಸಮಾಲೋಚನೆ ದೊರೆಯುತ್ತದೆ.

### ಪ್ರಾಥಮಿಕ ಹಂತ

ಕಳಸ, ಹೊರನಾಡು, ಸಂಸೆ, ಬಾಳೂರು, ಕೊಟ್ಟಿಗೆಹಾರ ಮೊದಲಾದ ಭಾಗಗಳ ಜನರಿಗೆ ಹತ್ತಿರದ ಸರ್ಕಾರಿ ವೈದ್ಯರು ಅಥವಾ ಆಶಾ ಕಾರ್ಯಕರ್ತೆಯರೇ ಮೊದಲ ಸಂಪರ್ಕವಾಗಿರುತ್ತಾರೆ. ನಿದ್ರೆ ಬಾರದಿರುವುದು, ಕಾರಣ ತಿಳಿಯದ ಮೈಕೈ ನೋವು, ಎದೆಬಡಿತ ಮೊದಲಾದ ದೂರುಗಳೊಡನೆ ಬರುವವರಲ್ಲಿ ಖಿನ್ನತೆ ಅಥವಾ ಆತಂಕ ಇದೆಯೇ ಎಂದು ಸಾಮಾನ್ಯ ವೈದ್ಯರು ಗುರುತಿಸಿ ಶಿಫಾರಸು ಪತ್ರ ನೀಡಬಹುದು. ಥೈರಾಯ್ಡ್ ತೊಂದರೆ, ರಕ್ತಹೀನತೆಯಂತಹ ದೈಹಿಕ ಕಾರಣಗಳನ್ನು ಪರೀಕ್ಷಿಸುವುದಕ್ಕೂ ಈ ಭೇಟಿ ಉಪಯುಕ್ತ.

## ನೆರೆಯ ಜಿಲ್ಲೆಗಳ ಕೇಂದ್ರಗಳು

ಜಿಲ್ಲೆಯ ಜನರು ವಾಸಸ್ಥಳಕ್ಕೆ ಅನುಗುಣವಾಗಿ ಬೇರೆ ಬೇರೆ ದಿಕ್ಕುಗಳ ಆಸ್ಪತ್ರೆಗಳನ್ನು ಆಶ್ರಯಿಸುತ್ತಾರೆ. ಕೊಟ್ಟಿಗೆಹಾರದ ಕಡೆಯವರು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ಅಲ್ಲಿ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯೂ ಫಾದರ್ ಮುಲ್ಲರ್ ಸೇರಿದಂತೆ ಹಲವು ವೈದ್ಯಕೀಯ ಕಾಲೇಜುಗಳೂ ಇವೆ. ಕಳಸದವರಿಗೆ ಕುದುರೆಮುಖದ ಮೂಲಕ ಕಾರ್ಕಳಕ್ಕೆ ಇಳಿದು ಮಣಿಪಾಲವನ್ನು ತಲುಪುವ ದಾರಿಯಿದೆ. ಕ್ಲಿನಿಕಲ್ ಸೈಕಾಲಜಿಯ ಪ್ರತ್ಯೇಕ ವಿಭಾಗ ಮಣಿಪಾಲದಲ್ಲಿದೆ. ಚಿಕ್ಕಮಗಳೂರು ನಗರದ ಸುತ್ತಲಿನವರಿಗೆ ಸುಮಾರು 60 ಕಿ.ಮೀ. ದೂರದ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹತ್ತಿರವಾದರೆ, ತರೀಕೆರೆ ಮತ್ತು ನರಸಿಂಹರಾಜಪುರದ ಕಡೆಯವರು ಶಿವಮೊಗ್ಗಕ್ಕೆ ಹೋಗುವುದು ಸಾಮಾನ್ಯ. ಮಲೆನಾಡಿನಲ್ಲಿ ಮನೋವೈದ್ಯಕೀಯ ಸೇವೆಯ ಅರಿವು ಹರಡಿದವರಲ್ಲಿ ಶಿವಮೊಗ್ಗದ ಮನೋವೈದ್ಯ ಕಟೀಲು ಅಶೋಕ್ ಪೈ ಪ್ರಮುಖರು.

ಜಟಿಲವಾದ ಪ್ರಕರಣಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳುಹಿಸಲಾಗುತ್ತದೆ. ಆದರೆ ವಾರಕ್ಕೊಮ್ಮೆ ನಡೆಯಬೇಕಾದ ಮನೋಚಿಕಿತ್ಸೆಗೆ ಹತ್ತಿರದ ತಜ್ಞರೇ ಹೆಚ್ಚು ಸೂಕ್ತ.

## ದೂರವಾಣಿ ಮತ್ತು ಆನ್‌ಲೈನ್ ಸೇವೆಗಳು

2022ರ ಅಕ್ಟೋಬರ್ 10ರಂದು ಆರಂಭವಾದ "ಟೆಲಿ ಮಾನಸ್" ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14416. ಇದು ದಿನದ 24 ಗಂಟೆಯೂ ಉಚಿತವಾಗಿ ದೊರೆಯುವ ಸೇವೆಯಾಗಿದ್ದು ಕನ್ನಡದಲ್ಲಿಯೂ ಮಾತನಾಡಬಹುದು. ಮೊದಲ ಹಂತದಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡಿಸುತ್ತಾರೆ. ಅಗತ್ಯವಿದ್ದರೆ ತಜ್ಞರಿಗೆ ಕರೆಯನ್ನು ವರ್ಗಾಯಿಸುತ್ತಾರೆ ಅಥವಾ ಹತ್ತಿರದ ಆಸ್ಪತ್ರೆಯನ್ನು ತಿಳಿಸುತ್ತಾರೆ. ಹೊರರಾಜ್ಯಗಳಿಂದ ಬಂದ ತೋಟದ ಕಾರ್ಮಿಕರು ಹಿಂದಿ, ಅಸ್ಸಾಮಿ ಮೊದಲಾದ ಭಾಷೆಗಳಲ್ಲಿ ಸೇವೆ ಕೋರಬಹುದು. ರಾಜ್ಯದ 104 ಆರೋಗ್ಯ ಸಹಾಯವಾಣಿಯಲ್ಲಿಯೂ ಸಲಹೆ ದೊರೆಯುತ್ತದೆ.

ಖಾಸಗಿ ತಜ್ಞರು ವಿಡಿಯೊ ಕರೆಯ ಮೂಲಕ ನಡೆಸುವ ಮನೋಚಿಕಿತ್ಸೆ ಕಳಸದಂತಹ ದೂರದ ಊರುಗಳಿಗೆ ಉಪಯುಕ್ತ. ಕಾಡು ಮತ್ತು ಗುಡ್ಡಗಳ ನಡುವೆ ಮೊಬೈಲ್ ಸಂಪರ್ಕ ಸಿಗದಿರುವುದು, ಕೂಡುಕುಟುಂಬದಲ್ಲಿ ಅಥವಾ ಲೈನ್ ಮನೆಯಲ್ಲಿ ಒಬ್ಬರೇ ಕುಳಿತು ಮಾತನಾಡಲು ಸ್ಥಳವಿಲ್ಲದಿರುವುದು ಇದರ ಮಿತಿಗಳು.

## ಅರ್ಹತೆಯ ಪರಿಶೀಲನೆ

ಆನ್‌ಲೈನ್ ಆಗಲಿ ನೇರ ಭೇಟಿಯಾಗಲಿ, ತಜ್ಞರ ಅರ್ಹತೆಯನ್ನು ಕೆಳಗಿನ ಕ್ರಮದಲ್ಲಿ ಪರಿಶೀಲಿಸಬಹುದು.

1. ಪೂರ್ಣ ಹೆಸರು, ಪದವಿ ಮತ್ತು ನೋಂದಣಿ ಸಂಖ್ಯೆಯನ್ನು ಕೇಳುವುದು. ಅರ್ಹರು ಇದನ್ನು ಫಲಕ, ಚೀಟಿ ಅಥವಾ ವರದಿಯಲ್ಲಿ ನಮೂದಿಸಿರುತ್ತಾರೆ.
2. ಪುನರ್ವಸತಿ ಪರಿಷತ್ತಿನ ಜಾಲತಾಣದಲ್ಲಿ ಆ ಹೆಸರು ಅಥವಾ ಸಂಖ್ಯೆಯನ್ನು ಹುಡುಕುವುದು.
3. ಅದು ಯಾವ ವೃತ್ತಿಯ ನೋಂದಣಿ ಎಂಬುದನ್ನು ನೋಡುವುದು. ವಿಶೇಷ ಶಿಕ್ಷಕರು, ವಾಕ್ ಮತ್ತು ಶ್ರವಣ ತಜ್ಞರು ಕೂಡ ಇದೇ ಪರಿಷತ್ತಿನಲ್ಲಿ ನೋಂದಣಿ ಪಡೆಯುವುದರಿಂದ, ಸಂಖ್ಯೆ ಇದ್ದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ತಿಳಿಯಲಾಗದು.
4. ನೋಂದಣಿಯ ಅವಧಿ ಚಾಲ್ತಿಯಲ್ಲಿದೆಯೇ ಎಂದು ನೋಡುವುದು.
5. ಮನೋವೈದ್ಯರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ಪರಿಶೀಲಿಸುವುದು.

ಖಾಸಗಿ ಆಸ್ಪತ್ರೆಗಳು ಪ್ರದರ್ಶಿಸುವ ಕೆಪಿಎಂಇ ಪ್ರಮಾಣಪತ್ರವು ಸಂಸ್ಥೆಗೆ ಸಂಬಂಧಿಸಿದ್ದು. ಅಲ್ಲಿ ಕೆಲಸ ಮಾಡುವ ವ್ಯಕ್ತಿಯ ಅರ್ಹತೆಗೆ ಅದು ಆಧಾರವಾಗುವುದಿಲ್ಲ. ಅಂತರ್ಜಾಲದ ನಕ್ಷೆಗಳಲ್ಲಿ ಕಾಣುವ ನಕ್ಷತ್ರಗಳ ಅಂಕ, ಸನ್ಮಾನದ ಚಿತ್ರಗಳು ಮತ್ತು "ಖಚಿತ ಪರಿಹಾರ" ಎಂಬ ಜಾಹೀರಾತುಗಳೂ ಅರ್ಹತೆಯ ಪುರಾವೆಗಳಲ್ಲ. ಈಗಾಗಲೇ ಸೇವಿಸುತ್ತಿರುವ ಮನೋವೈದ್ಯಕೀಯ ಔಷಧಿಯನ್ನು ನಿಲ್ಲಿಸುವಂತೆ ವೈದ್ಯರಲ್ಲದವರು ಸೂಚಿಸಿದರೆ, ಔಷಧಿ ನೀಡಿದ ವೈದ್ಯರನ್ನು ಕೇಳದೆ ಹಾಗೆ ಮಾಡುವುದು ಅಪಾಯಕರ.

## ಭೇಟಿ ಮತ್ತು ಮೌಲ್ಯಮಾಪನ

ಮೊದಲ ಭೇಟಿಯಲ್ಲಿ ತೊಂದರೆಯ ಸ್ವರೂಪ, ಆರಂಭವಾದ ಕಾಲ, ನಿದ್ರೆ, ಆಹಾರ, ಮದ್ಯ ಸೇವನೆ, ಕುಟುಂಬದ ಹಿನ್ನೆಲೆ ಮೊದಲಾದ ವಿಷಯಗಳನ್ನು ಕೇಳಲಾಗುತ್ತದೆ. ಹಿಂದಿನ ಚಿಕಿತ್ಸೆಯ ಚೀಟಿಗಳು ಜೊತೆಯಲ್ಲಿದ್ದರೆ ಸಹಾಯವಾಗುತ್ತದೆ. ಶುಲ್ಕ, ಅಂದಾಜು ಭೇಟಿಗಳ ಸಂಖ್ಯೆ ಮತ್ತು ಅನುಸರಿಸುವ ಚಿಕಿತ್ಸಾ ಕ್ರಮವನ್ನು ಸೇವಾರ್ಥಿಯು ಮೊದಲೇ ಕೇಳಬಹುದು.

ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಮೌಲ್ಯಮಾಪನ ಮನಶ್ಶಾಸ್ತ್ರಜ್ಞರ ಇನ್ನೊಂದು ಮುಖ್ಯ ಕೆಲಸ. ಬುದ್ಧಿಮಟ್ಟವನ್ನು ಅಳೆಯಲು ಬಳಸುವ ಬಿನೆ–ಕಾಮತ್ ಪರೀಕ್ಷೆಯನ್ನು ವಿ. ವಿ. ಕಾಮತ್ ಅವರು ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ರೂಪಿಸಿದ್ದರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿರುವ 21 ಅಂಗವೈಕಲ್ಯಗಳಲ್ಲಿ ಬೌದ್ಧಿಕ ಅಸಾಮರ್ಥ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ ಮತ್ತು ಮಾನಸಿಕ ಕಾಯಿಲೆಗಳೂ ಸೇರಿವೆ. ಇವುಗಳ ಪ್ರಮಾಣಪತ್ರಕ್ಕೆ ಅರ್ಹರ ವರದಿ ಅಗತ್ಯ. ನೋಂದಣಿ ಇಲ್ಲದವರು ನೀಡಿದ ವರದಿ ತಿರಸ್ಕೃತವಾದರೆ ಮಗುವಿನ ಪರೀಕ್ಷಾ ರಿಯಾಯಿತಿ ಅಥವಾ ಮಾಸಾಶನ ತಡವಾಗುತ್ತದೆ.

## ಸೇವಾರ್ಥಿಯ ಹಕ್ಕುಗಳು

ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯು ನೀಡುವ ಮುಖ್ಯ ಹಕ್ಕುಗಳು ಹೀಗಿವೆ.

* ಸರ್ಕಾರ ನಡೆಸುವ ಅಥವಾ ಸರ್ಕಾರದ ಅನುದಾನ ಪಡೆಯುವ ಸೇವೆಗಳಿಂದ ಚಿಕಿತ್ಸೆ ಪಡೆಯುವ ಹಕ್ಕು (ಕಲಂ 18). ಬಡತನ ರೇಖೆಗಿಂತ ಕೆಳಗಿರುವವರಿಗೆ, ಕಾರ್ಡು ಇರಲಿ ಇಲ್ಲದಿರಲಿ, ಈ ಚಿಕಿತ್ಸೆ ಉಚಿತ.
* ದೈಹಿಕ ಕಾಯಿಲೆಗಳಿಗೆ ನೀಡುವಂತೆಯೇ ಮಾನಸಿಕ ಕಾಯಿಲೆಗೂ ವಿಮಾ ಸೌಲಭ್ಯ (ಕಲಂ 21).
* ಮಾಹಿತಿಯ ಗೋಪ್ಯತೆ (ಕಲಂ 23) ಮತ್ತು ತಮ್ಮ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕು (ಕಲಂ 25).
* ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಅವರಿಗೆ ಆರೈಕೆ ಒದಗಿಸಬೇಕೆಂಬ ನಿಯಮ (ಕಲಂ 115). ಪೊಲೀಸ್ ಪ್ರಕರಣದ ಭಯದಿಂದ ಆಸ್ಪತ್ರೆಗೆ ಹೋಗಲು ಹಿಂಜರಿಯುವ ಕುಟುಂಬಗಳಿಗೆ ಈ ನಿಯಮ ಮಹತ್ವದ್ದು.

## ತುರ್ತು ಸಂದರ್ಭ

ಜೀವಕ್ಕೆ ಅಪಾಯವಿದ್ದಾಗ ಮನಶ್ಶಾಸ್ತ್ರಜ್ಞರನ್ನು ಹುಡುಕುತ್ತಾ ಕಾಯುವ ಅಗತ್ಯವಿಲ್ಲ. ಕಲಂ 94ರ ಪ್ರಕಾರ ಯಾವುದೇ ನೋಂದಾಯಿತ ವೈದ್ಯರು ತುರ್ತು ಚಿಕಿತ್ಸೆಯನ್ನು ಆರಂಭಿಸಬಹುದು. ಇದರ ಮಿತಿ 72 ಗಂಟೆಗಳು. ಹತ್ತಿರದ ಸರ್ಕಾರಿ ಆಸ್ಪತ್ರೆ, 108 ಆಂಬುಲೆನ್ಸ್ ಮತ್ತು 112 ತುರ್ತು ಸಂಖ್ಯೆಗಳನ್ನು ಬಳಸಬಹುದು. ಅಪಾಯದಲ್ಲಿರುವವರನ್ನು ಒಂಟಿಯಾಗಿ ಬಿಡದಿರುವುದು ಮತ್ತು ತೋಟದ ಕೀಟನಾಶಕ ಮೊದಲಾದ ಅಪಾಯಕಾರಿ ವಸ್ತುಗಳನ್ನು ಬೀಗ ಹಾಕಿ ಇರಿಸುವುದು ಪ್ರಾಣ ಉಳಿಸುವ ಕ್ರಮಗಳಾಗಿವೆ.

## ಸವಾಲುಗಳು

ಚಿಕ್ಕ ಊರುಗಳಲ್ಲಿ ಎಲ್ಲರೂ ಪರಿಚಿತರಾಗಿರುವುದರಿಂದ ವಿಷಯ ಹೊರಗೆ ತಿಳಿದೀತೆಂಬ ಅಳುಕು ಚಿಕಿತ್ಸೆಗೆ ದೊಡ್ಡ ತಡೆಯಾಗಿದೆ. ಮಕ್ಕಳ ಮದುವೆಗೆ ತೊಂದರೆಯಾದೀತೆಂದು ಕುಟುಂಬಗಳು ಕಾಯಿಲೆಯನ್ನು ಮರೆಮಾಚುವುದೂ ಉಂಟು. ಹಲವರು ಮೊದಲು ದೈವ, ಜ್ಯೋತಿಷ್ಯ ಅಥವಾ ಹರಕೆಯ ಮೊರೆಹೋಗುತ್ತಾರೆ. ನಂಬಿಕೆಯ ಆಚರಣೆಗಳನ್ನು ಬಿಡದೆಯೂ ಚಿಕಿತ್ಸೆ ಪಡೆಯಬಹುದು ಎಂಬುದನ್ನು ಆರೋಗ್ಯ ಕಾರ್ಯಕರ್ತರು ಕುಟುಂಬಗಳಿಗೆ ತಿಳಿಸಬೇಕಾಗುತ್ತದೆ. ತೋಟಗಳಲ್ಲಿ ಕನ್ನಡದ ಜೊತೆಗೆ ತುಳು, ತಮಿಳು, ಮಲಯಾಳಂ, ಬ್ಯಾರಿ, ಕೊಂಕಣಿ ಮೊದಲಾದ ಭಾಷೆಗಳನ್ನಾಡುವವರಿರುವುದರಿಂದ, ಮಾತನ್ನೇ ಸಾಧನವಾಗಿ ಉಳ್ಳ ಮನೋಚಿಕಿತ್ಸೆಗೆ ಭಾಷೆಯೂ ಒಂದು ಸವಾಲಾಗಿದೆ.

## ಇವನ್ನೂ ನೋಡಿ

* ಮನಶ್ಶಾಸ್ತ್ರ
* ಖಿನ್ನತೆ
* ನಿಮ್ಹಾನ್ಸ್
* ಚಿಕ್ಕಮಗಳೂರು ಜಿಲ್ಲೆ
* ಮೂಡಿಗೆರೆ
* ಕಳಸ